ಹೆಬ್ಬಾತಿನ ಮರಿ ಕುಂಟುತ್ತಿದೆಯೇ?

ಪ್ರಶ್ನೆ: ನಮ್ಮ ಹೆಬ್ಬಾತಿನ ಎರಡು ಮರಿಗಳಿಗೆ 12 ದಿನ. ಕೋಳಿಮರಿಯ ಸ್ಟಾರ್ಟರ್ (ಎಳೆಮರಿಗಳ ಪುಡಿ ಆಹಾರ) ಮತ್ತು ಕುಚ್ಚಲಕ್ಕಿ ಗಂಜಿ ಕೊಡುತ್ತೇವೆ. ಒಂದು ಚೆನ್ನಾಗಿ ತಿಂದರೂ ನಾಲ್ಕು ಹೆಜ್ಜೆಗೇ ಕುಳಿತುಬಿಡುತ್ತದೆ. ಏನು ಮಾಡಲಿ?
– ಓದುಗರು, ಉಡುಪಿ

ಉತ್ತರ: ಹಸಿವಿದ್ದೂ ಕಾಲು ಸೋಲುವುದಕ್ಕೆ ಸಾಮಾನ್ಯ ಕಾರಣ ನಯಾಸಿನ್, ಅಂದರೆ ಬಿ3 ಜೀವಸತ್ವದ ಕೊರತೆ. ಹೆಬ್ಬಾತಿನ ಮರಿಗೆ ಇದು ಕೋಳಿಮರಿಗಿಂತ ಹೆಚ್ಚು ಬೇಕು; ಕೋಳಿ ಆಹಾರದಲ್ಲಿ ಸಾಲದು, ಗಂಜಿ ಸೇರಿದರೆ ಇನ್ನೂ ತೆಳುವಾಗುತ್ತದೆ. ಗಂಜಿ ಇಂದೇ ನಿಲ್ಲಿಸಿ. ಒಂದು ಕಪ್ ಸ್ಟಾರ್ಟರ್‌ಗೆ ಒಂದೂವರೆ ದೊಡ್ಡ ಚಮಚ ಬ್ರೂವರ್ಸ್ ಯೀಸ್ಟ್ ಬೆರೆಸಿ (ಬಿಯರ್ ತಯಾರಿಕೆಯ ಯೀಸ್ಟ್‌ನ ಒಣಪುಡಿ; ಬ್ರೆಡ್ ಉಬ್ಬಿಸುವ ಯೀಸ್ಟ್ ಅಲ್ಲ!). ಅದು ಸಿಗದಿದ್ದರೆ ಲೀಟರ್ ನೀರಿಗೆ 30–40 ಮಿಲಿಗ್ರಾಂ ನಯಾಸಿನ್. ನೀರು ದಿನವೂ ಹೊಸದಿರಲಿ. ತಡವಾದರೆ ಗೆಣ್ಣು ಊದಿ ಕಾಲು ಬಾಗಿಬಿಡುತ್ತದೆ, ಆಮೇಲೆ ನೆಟ್ಟಗಾಗುವುದು ಕಷ್ಟ.

ನೆಲವನ್ನೂ ನೋಡಿ. ಟೈಲ್ಸ್, ನುಣುಪಾದ ಕಾವಿ ನೆಲ, ಪೇಪರ್ ಹಾಸು, ಎಲ್ಲವೂ ಜಾರಿಸಿ ಕಾಲನ್ನು ಅಗಲಿಸುತ್ತವೆ. ಒಣಗಿದ ಗೋಣಿ ಸಾಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬೈಹುಲ್ಲು ಹಾಸುವುದೇ ಅಪಾಯ: ಬೂಸಲಿನ ಕಣ ಶ್ವಾಸಕೋಶಕ್ಕೆ ಹೋದರೆ ಮರಿ ಸದ್ದಿಲ್ಲದೆ ಬಾಯಿ ತೆರೆದು ಉಸಿರಾಡುತ್ತದೆ. ಆಗ ಮನೆಮದ್ದು ಬೇಡ, ಅಂದೇ ಪಶುವೈದ್ಯರ ಬಳಿಗೆ ಒಯ್ಯಿರಿ.

ಉಣಿಸುವಾಗ ಪಕ್ಕದಲ್ಲೇ ಮೂಗಿನ ಹೊಳ್ಳೆ ಮುಳುಗುವಷ್ಟು ಆಳದ ನೀರಿರಲಿ. ಒಣಪುಡಿ ಗಂಟಲಲ್ಲಿ ಸಿಕ್ಕಿಕೊಳ್ಳುವುದು ನೀರಿಲ್ಲದಾಗಲೇ. ಎರಡು ಮೂರು ದಿನದಲ್ಲಿ ನಡಿಗೆ ಸುಧಾರಿಸದಿದ್ದರೆ ಗಾಯವೋ ಸೋಂಕೋ ಎಂದು ವೈದ್ಯರಿಂದ ಪರೀಕ್ಷೆ ಮಾಡಿಸಿ.