ಲೋ-ಟಾಪ್ ಸ್ನೀಕರ್ (ಕಾಲಿನ ಗಿಣ್ಣಿಗಿಂತ ಕೆಳಗೇ ನಿಲ್ಲೋ ಶೂ) ಕಾಲಿಗೆ ಅಂದವಾಗಿ ಕಾಣಲಿ ಅಂತ ಒಂದು ಸೈಜ್ ಕಮ್ಮಿ ತಗೊಳ್ಳಬಹುದಾ? ಹಾಕ್ತಾ ಹಾಕ್ತಾ ಸಡಿಲ ಆಗುತ್ತಲ್ವಾ?

ಆಗಲ್ಲ. ಇದೇ ಲೆಕ್ಕ ಹಾಕಿ ಹೆಬ್ಬೆರಳಿನ ಉಗುರು ಕಳ್ಕೊಂಡವನು ನಾನು.

ಮೊದಲ ಸಂಬಳದ ತಿಂಗಳು. ಬಿಳಿ ಕ್ಯಾನ್ವಾಸ್ ಲೋ-ಟಾಪ್ (ಕಂಪನಿ ಹೆಸರು ಬೇಡ, ತಪ್ಪು ನನ್ನದೇ). ನನ್ನ ಅಳತೆ 9. ಹಾಕಿ ಕನ್ನಡಿ ಮುಂದೆ ನಿಂತರೆ ದೋಣಿ ಥರ ಕಾಣ್ತು. 8 ಹಾಕಿದೆ, ಜೀನ್ಸ್ ಕೆಳಗೆ ಎಷ್ಟು ಮುದ್ದಾಗಿ ಕೂತಿತ್ತು! ಬೆರಳು ಮಾತ್ರ ತುದಿಗೆ ತಾಗ್ತಿತ್ತು. 'ಹೊಸ ಚಪ್ಪಲಿ ಒಂದು ವಾರ ಕಚ್ಚುತ್ತೆ, ಆಮೇಲೆ ಹದಕ್ಕೆ ಬರುತ್ತೆ' ಅಂತ ಅಜ್ಜ ಹೇಳ್ತಿದ್ದದ್ದು ನೆನಪಾಗಿ ದುಡ್ಡು ಕೊಟ್ಟುಬಿಟ್ಟೆ.

ಅಜ್ಜ ಹೇಳಿದ್ದು ಚರ್ಮದ ಚಪ್ಪಲಿಗೆ. ಚರ್ಮ ಕಾಲಿನ ಬಿಸಿಗೆ, ಬೆವರಿಗೆ ಹಿಗ್ಗುತ್ತೆ. ಈ ಶೂಗಳಲ್ಲಿ ಬಟ್ಟೆಯನ್ನ ರಬ್ಬರ್ ಅಟ್ಟೆಗೆ ಕೂಡಿಸಿ, ಸುತ್ತ ರಬ್ಬರ್ ಪಟ್ಟಿ ಹಚ್ಚಿ ಬಿಸಿಯಲ್ಲಿ ಬೇಯಿಸಿರ್ತಾರೆ. ಬಟ್ಟೆ ಅಗಲಕ್ಕೆ ಸ್ವಲ್ಪ ಬಿಟ್ಟುಕೊಡಬಹುದು. ಉದ್ದಕ್ಕೆ ಒಂದು ನೂಲೂ ಬಿಡಲ್ಲ. ಸಾಲದ್ದಕ್ಕೆ ನಾನು ಆ 8 ಹಾಕಿ ನೋಡಿದ್ದು ಬೆಳಿಗ್ಗೆ, ಅದೂ ಸಾಕ್ಸ್ ಇಲ್ಲದೆ, ಕೂತ್ಕೊಂಡು. ನಿಂತರೆ ಪಾದ ಹರಡುತ್ತೆ, ಸಂಜೆ ಹೊತ್ತಿಗೆ ಊದುತ್ತೆ. ಮೂರೂ ಕಡೆ ಎಡವಿದ್ದೆ.

ಅದೇ ವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ದೊಡ್ಡ ಗಣಪತಿ ಗುಡಿಯಿಂದ ಹೊರಟು ಆ ಜನಜಂಗುಳಿಯಲ್ಲಿ ರಾಮಕೃಷ್ಣ ಆಶ್ರಮ ಮುಟ್ಟೋಷ್ಟರಲ್ಲಿ ಶೂ ಕೈಯಲ್ಲಿತ್ತು, ಬರಿಗಾಲ ಕೆಳಗೆ ಕಡಲೆಕಾಯಿ ಸಿಪ್ಪೆ. ಉಗುರು ಮೊದಲು ಕಪ್ಪಾಯ್ತು, ಆಮೇಲೆ ಬಿದ್ದೇ ಹೋಯ್ತು.

ಕಾನ್ವರ್ಸ್ ಕಂಪನಿಯ ಆಲ್ ಸ್ಟಾರ್ ಅನ್ನೋ ಕ್ಯಾನ್ವಾಸ್ ಶೂ ಅಳತೆಗಿಂತ ದೊಡ್ಡದಾಗಿ ಬರುತ್ತೆ, ಅದರಲ್ಲಿ ಅರ್ಧ ಸೈಜ್ ಇಳಿಸೋದು ಬೇರೆ ಮಾತು. ಅಂದಕ್ಕೋಸ್ಕರ ಇಳಿಸಬೇಡಿ. ಸಂಜೆ ಹೋಗಿ, ಸಾಕ್ಸ್ ಹಾಕಿ, ನಿಂತು ನೋಡಿ. ಬೆರಳ ಮುಂದೆ ಹೆಬ್ಬೆಟ್ಟಿನ ಅಗಲ ಜಾಗ ಇರಲಿ. ಕಾಲು ಉದ್ದ ಕಾಣೋದು ಬಿಳಿ ಬಣ್ಣದ ಕಾಟ, ಕಪ್ಪು ತಗೊಳ್ಳಿ.

ದಿನವಿಡೀ ಮೆತ್ತಗಿರಬೇಕು ಅಂತಿದ್ರೆ ಈ ಜಾತಿಯ ಶೂನೇ ಬೇಡ. ಆಲ್ ಸ್ಟಾರ್ 1917ರಲ್ಲಿ ಬಂದ ಬಾಸ್ಕೆಟ್‌ಬಾಲ್ ಶೂ, ಲೋ-ಟಾಪ್ ಬಂದಿದ್ದು 1957ರಲ್ಲಿ. ಈಗಲೂ ಅಟ್ಟೆ ಚಪ್ಪಟೆ, ಪಾದದ ಕಮಾನಿಗೆ ಆಸರೆ ಇಲ್ಲ. ನಾನು ಈಗ ಸಿನಿಮಾಗೆ, ಮದುವೆ ಆರತಕ್ಷತೆಗೆ ಮಾತ್ರ ಹಾಕೋದು, ಅದೂ 9.

ಆ 8 ನಮ್ಮ ತಮ್ಮನ ಪಾಲಾಯ್ತು. ಅವನಿಗೆ ಅಳತೆ ತೆಗೆದು ಮಾಡಿಸಿದ ಹಾಗಿದೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ.