ಗದಗಿನ ಒಣ ಹವೆಯಲ್ಲಿ ಕೈತೋಟ ಮಾಡಲು ಸ್ಥಳೀಯ ಮಾಹಿತಿ, ಸಸಿ, ಬಲ್ಲವರು ಎಲ್ಲಿ ಸಿಗುತ್ತಾರೆ?

ನಿಮ್ಮ ಪ್ರಶ್ನೆ ಇಷ್ಟು: ಗದಗ-ಬೆಟಗೇರಿಯ ಅಂಚಿನ ಹೊಸ ಬಡಾವಣೆಯಲ್ಲಿ ಮನೆ, ಸುತ್ತ ಒಂದೂವರೆ ಗುಂಟೆ ಜಾಗ. ಅರಿಜೋನಾದವರ ಮರುಭೂಮಿ ತೋಟದ ವಿಡಿಯೊ ನೋಡಿ ತಗ್ಗು ತೋಡಿ ನೆಟ್ಟ ಆರು ಗಿಡಗಳಲ್ಲಿ ನಾಲ್ಕು ಮಳೆಗಾಲದಲ್ಲೇ ಸತ್ತವು. ಇಂಥ ತೋಟಗಾರಿಕೆ ಬಲ್ಲವರು ಈ ಭಾಗದಲ್ಲಿ ಯಾರು?

ಒಣ ಊರಿನ ಗಿಡ ಬೇಸಿಗೆಯಲ್ಲಲ್ಲ, ಮಳೆಗಾಲದಲ್ಲಿ ಸತ್ತಿದೆ. ಅರ್ಧ ಉತ್ತರ ಅಲ್ಲೇ ಇದೆ. ಅರಿಜೋನಾದ ಫೀನಿಕ್ಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿ.ಮೀ. ಒಳಗೆ, ಗದಗಿನಲ್ಲಿ 600ರ ಆಸುಪಾಸು. ನೀರು ಸರ್ರನೆ ಇಳಿದುಹೋಗುವ ಮರಳು ನೆಲದಲ್ಲಿ ಮಡಿಯನ್ನು ತಗ್ಗಿಸಿ ಮಾಡುವುದು ಬುದ್ಧಿವಂತಿಕೆ. ಅದೇ ತಗ್ಗನ್ನು ಎರಿಯಲ್ಲಿ, ಅಂದರೆ ನೀರು ಹಿಡಿದಿಡುವ ಜಿಗುಟು ಕಪ್ಪು ಮಣ್ಣಿನಲ್ಲಿ, ತೋಡಿದರೆ ಅದು ಬಕೆಟ್ಟು, ಬೇರು ಅದರಲ್ಲಿ ಉಸಿರುಕಟ್ಟುತ್ತದೆ. ಹಾಗಾಗಿ 'ಮರುಭೂಮಿ' ಎಂಬ ಪದ ಹಾಕಿ ಹುಡುಕುವುದನ್ನು ಬಿಡಿ. ಈ ಸೀಮೆಯಲ್ಲಿ ಇದಕ್ಕೆ ಒಣಬೇಸಾಯ, ಖುಷ್ಕಿ ಅನ್ನುತ್ತಾರೆ. ಬಲ್ಲವರೂ ಆ ಹೆಸರಿನಲ್ಲೇ ಸಿಗುತ್ತಾರೆ.

ಯಾರ ಹತ್ತಿರ ಹೋದರೂ ಮೊದಲು ಕೇಳುವುದು ಒಂದೇ: 'ನಿಮ್ಮದು ಎರಿನೋ ಮಸಾರಿನೋ?' ಅದಕ್ಕೆ ಉತ್ತರ ತಿಳಿದುಕೊಂಡು ಹೊರಡಿ. ಒಂದು ಹಿಡಿ ಮಣ್ಣನ್ನು ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ, ಪೆನ್ಸಿಲ್ಲಿನಷ್ಟು ದಪ್ಪ ಎಳೆ ಹೊಸೆದು ಬಳೆಯಂತೆ ಬಾಗಿಸಿ. ಬಿರಿಯದೆ ಬಳೆಯಾದರೆ ಎರಿ. ಎಳೆಯೇ ಬರದೆ ಉದುರಿದರೆ ಮಸಾರಿ (ಸಡಿಲ ಕೆಂಪು ಮಣ್ಣು) ಅಥವಾ ಗರಸು (ಕಲ್ಲುಹರಳಿನ ಮಣ್ಣು). ಮೇಲ್ಮಣ್ಣನ್ನಷ್ಟೇ ನೋಡಿ ನಿರ್ಧರಿಸಬೇಡಿ. ಹೊಸ ಬಡಾವಣೆಗಳಲ್ಲಿ ಎರಿ ಹೊಲದ ಮೇಲೆ ಗರಸು ಸುರಿದು ಸಮ ಮಾಡಿರುವುದುಂಟು, ಎರಡು ಅಡಿ ಅಗೆದಾಗಲೇ ನಿಜ ಗೊತ್ತಾಗುವುದು. ಆ ಆಳದ ಮಣ್ಣಿಗೆ ನಾಲ್ಕು ಹನಿ ನಿಂಬೆರಸ ಬಿಡಿ. ಬುರುಬುರು ನೊರೆ ಬಂದರೆ ಸುಣ್ಣ ಹೆಚ್ಚಿದೆ ಎಂದರ್ಥ. ಅಲ್ಲಿ ನಿಂಬೆ, ಗುಲಾಬಿ, ದಾಸವಾಳದ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಇದು ಕಬ್ಬಿಣದ ಕೊರತೆ. ಕಬ್ಬಿಣ ಮಣ್ಣಿನಲ್ಲಿ ಇದ್ದರೂ ಸುಣ್ಣದ ಹಿಡಿತದಿಂದ ಬೇರಿಗೆ ಸಿಗುವುದಿಲ್ಲ. ಬುಡಕ್ಕೆ ಹಾಕಿದ ಫೆರಸ್ ಸಲ್ಫೇಟ್ ಕೂಡ ಹಾಗೇ ಕಟ್ಟಿಬೀಳುತ್ತದೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದರೆ ಕೆಲಸವಾಗುತ್ತದೆ. ಗೋಡೆ, ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಎಚ್ಚರ.

ಇಷ್ಟು ಗೊತ್ತಾದ ಮೇಲೆ ನಿಮಗೆ ಹತ್ತಿರದ ಜಾಗ ಹುಲಕೋಟಿ. ಹುಬ್ಬಳ್ಳಿ ರಸ್ತೆಯಲ್ಲಿ ಗದಗಿನಿಂದ ಹತ್ತು ಕಿ.ಮೀ. ಆಚೀಚೆ, ಅಲ್ಲಿ ಕೆ.ಎಚ್. ಪಾಟೀಲ ಕೃಷಿ ವಿಜ್ಞಾನ ಕೇಂದ್ರ ಇದೆ. ಹಾವೇರಿ ಕಡೆಯವರಿಗೆ ಹನುಮನಮಟ್ಟಿ ಕೇಂದ್ರ, ಹುಬ್ಬಳ್ಳಿ-ಧಾರವಾಡದವರಿಗೆ ನೇರ ಕೃಷಿ ವಿಶ್ವವಿದ್ಯಾಲಯವೇ. ಮನೆ ತೋಟದವರನ್ನು ಮಾತಾಡಿಸುತ್ತಾರೋ ಇಲ್ಲವೋ ಎಂಬ ಸಂಕೋಚ ಬೇಡ, ಆದರೆ 'ಏನು ನೆಡಲಿ?' ಎಂದು ಬರಿಗೈಯಲ್ಲಿ ಹೋಗಬೇಡಿ. ಮಣ್ಣು ಒಯ್ಯಿರಿ. ಎಂಟು ಕಡೆ ಇಂಗ್ಲಿಷಿನ 'ವಿ' ಆಕಾರದಲ್ಲಿ 15 ಸೆಂ.ಮೀ. ಆಳ ಅಗೆದು, ಪಕ್ಕದ ಗೋಡೆಯಿಂದ ಮೇಲಿಂದ ಕೆಳತನಕ ಒಂದೇ ದಪ್ಪದ ಮಣ್ಣು ಕೆರೆದು ಬೆರೆಸಿ. ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಚೆಲ್ಲುತ್ತ ಅರ್ಧ ಕಿಲೋಗೆ ಇಳಿಸಿ, ನೆರಳಲ್ಲಿ ಒಣಗಿಸಿ. ಹಣ್ಣಿನ ಗಿಡಕ್ಕಾದರೆ ಮೂರು ಅಡಿತನಕ ಒಂದೊಂದು ಅಡಿಗೂ ಬೇರೆ ಮಾದರಿ. ಹಳೆಯ ಗೊಬ್ಬರದ ಚೀಲದಲ್ಲಿ ತುಂಬಿದರೆ ವರದಿ ಪೂರ್ತಿ ಸುಳ್ಳಾಗುತ್ತದೆ.

ಕೊಳವೆಬಾವಿ ಇದ್ದರೆ ನೀರನ್ನೂ ಒಯ್ಯಿರಿ: ಮೋಟಾರು ಹದಿನೈದು ನಿಮಿಷ ಓಡಿದ ಮೇಲೆ ಒಂದು ಲೀಟರ್, ಬಾಟಲಿ ತುಂಬ. ವರದಿಯಲ್ಲಿ ಲವಣಾಂಶದ ಅಂಕಿ, ಅಂದರೆ ಇ.ಸಿ. (dS/m ಲೆಕ್ಕದಲ್ಲಿ), 0.75ರ ಒಳಗಿದ್ದರೆ ನಿಶ್ಚಿಂತೆ, 2.25 ದಾಟಿದರೆ ಆ ನೀರು ಹೆಚ್ಚಿನ ಗಿಡಕ್ಕೆ ಆಗದು. ಆರ್‌ಓ ಯಂತ್ರ ಹೊರಹಾಕುವ ನೀರು ಗಿಡಕ್ಕೆ ಒಳ್ಳೆಯದೆಂದು ಹೇಳುವವರು ಬಹಳ. ಅದು ಅದೇ ಉಪ್ಪನ್ನು ಗಟ್ಟಿ ಮಾಡಿದ ನೀರು. ಎ.ಸಿ.ಯಿಂದ ತೊಟ್ಟಿಕ್ಕುವ ನೀರಾದರೆ ಧಾರಾಳವಾಗಿ ಹಾಕಿ.

ಸಸಿಯ ವಿಷಯ. ಖಾಸಗಿ ನರ್ಸರಿಯ ಹೊಳೆಯುವ ಗಿಡ ಹೊರಗಿನಿಂದ ಕೆಂಪು ಮಣ್ಣಿನ ಗಡ್ಡೆಯಲ್ಲೋ ಕೊಕೊಪೀಟ್‌ನಲ್ಲೋ (ತೆಂಗಿನ ನಾರಿನ ಪುಡಿ) ಬಂದಿರುವುದೇ ಹೆಚ್ಚು. ಗಡ್ಡೆ ಸಮೇತ ಎರಿಯಲ್ಲಿ ಇಟ್ಟರೆ ಎರಡು ಮಣ್ಣು ಬೆರೆಯುವುದಿಲ್ಲ. ಮಳೆಯಲ್ಲಿ ಗಡ್ಡೆ ನೀರು ಹಿಡಿದು ಕೂರುತ್ತದೆ, ಬೇಸಿಗೆಯಲ್ಲಿ ಎರಿ ಬಿರಿದು ಗಡ್ಡೆಯಿಂದ ಸರಿದು, ಹೊರಗೆ ಚಾಚಿದ ಬೇರು ಕಿತ್ತುಹೋಗುತ್ತದೆ. ಹೊರಮಣ್ಣನ್ನು ಮೂರನೇ ಒಂದು ಭಾಗ ಉದುರಿಸಿ, ಒಂದು ಅಡಿ ಎತ್ತರ, ಮೂರು ಅಡಿ ಅಗಲದ ದಿಬ್ಬದ ಮೇಲೆ ನೆಡಿ. ತೋಟಗಾರಿಕೆ ಇಲಾಖೆಯ ಮತ್ತು ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ನೋಟಕ್ಕೆ ಸಪ್ಪೆಯಾದ, ಇದೇ ಹವೆಯಲ್ಲಿ ಬೆಳೆದ ಸಸಿ ಸಿಗುತ್ತವೆ; ಜೂನ್ ಶುರುವಿಗೇ ಹೋಗಬೇಕು. ಬೇವು, ಹೊಂಗೆ, ಹುಣಸೆ, ಸೀತಾಫಲ, ಬಾರಿ (ಎಲಚಿ), ಕವಳಿ (ಕವಳೆ ಹಣ್ಣು) ಕೇಳಿ. ನುಗ್ಗೆಯಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ 'ಭಾಗ್ಯ' ತಳಿ ಈ ಸೀಮೆಯದೇ. ಕಪ್ಪತಗುಡ್ಡದಿಂದ ಔಷಧಿ ಗಿಡ ಕಿತ್ತು ತಂದುಕೊಡುತ್ತೇನೆ ಎಂದು ಯಾರಾದರೂ ಮುಂದೆ ಬಂದರೆ ಬೇಡ ಎನ್ನಿ. ಅದು 2019ರಿಂದ ವನ್ಯಜೀವಿ ಧಾಮ. ಸಾಲದ್ದಕ್ಕೆ, ಗುಡ್ಡದ ಕೆಂಪು ಗರಸಿನ ಗಿಡ ನಿಮ್ಮ ಎರಿಯಲ್ಲಿ ಉಳಿಯುವುದೂ ಇಲ್ಲ.

ಬೀಜಕ್ಕೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘವನ್ನು ತಿಳಿದಿರಿ. ಸಿರಿಧಾನ್ಯ ಮತ್ತು ಸಮುದಾಯ ಬೀಜ ಬ್ಯಾಂಕಿನ ಕೆಲಸಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಪಡೆದ ಮಹಿಳೆಯರು ಅವರು. ಪುಂಡಿ, ರಾಜಗಿರಿ, ಹಕ್ಕರಿಕಿ, ಚವಳಿ, ಮನೆಸೌತಿ ಬೀಜವನ್ನು ಮಾತ್ರ ಪ್ಯಾಕೆಟ್ಟಿನಲ್ಲಿ ಹುಡುಕಬೇಡಿ. ಜೋಳದ ಹೊಲದಲ್ಲಿ ಅಕ್ಕಡಿ (ಸಾಲಿನ ನಡುವೆ ಮಿಶ್ರಬೆಳೆ) ಹಾಕುವ ಮನೆಗಳಲ್ಲಿ, ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯರ ಹತ್ತಿರ ಅದು ಬೂದಿ ಬೆರೆಸಿ ಕಟ್ಟಿಟ್ಟ ಗಂಟಿನಲ್ಲಿ ಇರುತ್ತದೆ.

ಗೊಬ್ಬರಕ್ಕೆ, ಮಣ್ಣಿನ ಮೇಲೆ ಹಾಸುವ ಹೊದಿಕೆಗೆ ಇಷ್ಟು ಅನುಕೂಲದ ಊರು ಇನ್ನೊಂದಿಲ್ಲ. ಎಣ್ಣೆ ಮಿಲ್ಲುಗಳಲ್ಲಿ ಶೇಂಗಾ ಸಿಪ್ಪೆ, ಹಳ್ಳಿಯಲ್ಲಿ ಕಡ್ಲಿ ಹೊಟ್ಟು, ಜೋಳದ ದಂಟು. ನಾಲ್ಕು ಬೆರಳು ದಪ್ಪ ಹೊದಿಸಿ, ಕಾಂಡದಿಂದ ಒಂದು ಗೇಣು ಬಿಡಿ; ತಾಗಿಸಿದರೆ ಗೆದ್ದಲು ಹತ್ತುತ್ತದೆ. ಎರಿ ಬಿರುಕು ಬಿಟ್ಟ ಮೇಲೆ ಹೊದಿಸಿ ಫಲವಿಲ್ಲ, ಹಸಿ ಇರುವಾಗಲೇ, ಹಿಂಗಾರಿ ಮಳೆ ಮುಗಿಯುವ ಹೊತ್ತಿಗೆ ಆಗಬೇಕು. ಸುಗ್ಗಿ ಮುಗಿದ ಮೇಲೆ ಹೊಲಗಳಲ್ಲಿ ಕುರಿ ನಿಲ್ಲಿಸುವ ಕುರುಬರಿಂದ ಹಿಕ್ಕಿ ಗೊಬ್ಬರ ಚೀಲದ ಲೆಕ್ಕದಲ್ಲಿ ಸಿಗುತ್ತದೆ. ಹಸಿಯಾಗಿ ಹಾಕಬೇಡಿ, ಮೂರು ತಿಂಗಳು ನೀರು ಚಿಮುಕಿಸಿ ಕೊಳೆಸಿ.

ಇನ್ನು ವಾಟ್ಸ್ಯಾಪ್, ಫೇಸ್‌ಬುಕ್ ಗುಂಪುಗಳು. ಬೆಂಗಳೂರಿನ ತಾರಸಿ ತೋಟದವರ ಸಲಹೆ ಕೆಟ್ಟದ್ದೆಂದಲ್ಲ, ಆದರೆ ಅವರ ಕೊಕೊಪೀಟ್ ಮಿಶ್ರಣ ಗದಗಿನ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದೊಳಗೆ ಹಪ್ಪಳ. ಗುಂಪು ಉಪಯೋಗಕ್ಕೆ ಬರುತ್ತದೋ ಎಂದು ತಿಳಿಯಲು ಸದಸ್ಯರಿಗೆ ಮೇ ತಿಂಗಳ ತೋಟದ ಫೋಟೊ ಕೇಳಿ. ಆಗಸ್ಟಿನಲ್ಲಿ ಎಲ್ಲರ ತೋಟವೂ ಚೆಂದ. ನೀವು ಪ್ರಶ್ನೆ ಹಾಕುವಾಗ ಎಲೆಯ ಎರಡೂ ಮೈಯ ಫೋಟೊ, ಮಣ್ಣು ಯಾವುದು, ನೀರು ಎಲ್ಲಿಯದು, ಎಷ್ಟು ದಿನಕ್ಕೊಮ್ಮೆ ಎಷ್ಟು ಬಿಂದಿಗೆ, ಇಷ್ಟನ್ನೂ ಬರೆಯಿರಿ. ಧಾರವಾಡದ ಕೃಷಿ ಮೇಳಕ್ಕೆ, ಅದು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಒಂದು ದಿನ ಎತ್ತಿಡಿ. ರೋಣ, ನರಗುಂದ, ನವಲಗುಂದದ ಎರಿ ಸೀಮೆಯ ರೈತರು ಅಲ್ಲಿ ಸಿಗುತ್ತಾರೆ, ಅವರ ಮಾತು ನಿಮಗೆ ನೂರು ವಿಡಿಯೊಗಿಂತ ಹತ್ತಿರ. ಕೂಡಲೇ ಉತ್ತರ ಬೇಕಾದಾಗ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡುತ್ತಾರೆ.

ಬದುಕಿರುವ ಎರಡು ಗಿಡಗಳನ್ನು ಈಗ ಕೀಳಬೇಡಿ. ಪ್ರತಿ ಗುಂಡಿಯ ಇಳಿಜಾರಿನ ಬದಿಗೆ, ಗುಂಡಿಯಷ್ಟೇ ಆಳದ, ಗೇಣು ಅಗಲದ ಕಾಲುವೆ ತೋಡಿ, ನಿಂತ ನೀರು ಹೊರಹೋಗಲು ನೆಲ ಇಳಿದ ಕಡೆಗೆ ಏಳೆಂಟು ಅಡಿ ಒಯ್ದು ಇಟ್ಟಿಗೆ ಚೂರು ತುಂಬಿ. ರೋಹಿಣಿ ಮಳೆ ಬೀಳುವುದರೊಳಗೆ ಮುಗಿಸಿ. ಎರಿ ಒಮ್ಮೆ ನೆನೆದರೆ ಸಲಿಕೆಗೆ ಮೆತ್ತಿ ಮೇಲೇಳುವುದಿಲ್ಲ.