ಸೇರಿದವರೆಷ್ಟು, ಮುಗಿಸಿದವರೆಷ್ಟು?

ಬಸವನಗುಡಿಯ ಓದುಗರೊಬ್ಬರ ಪತ್ರ ಹೋದ ವಾರ ಬಂತು. ಮಠವೊಂದು ನಡೆಸುವ ಸಣ್ಣ ಪದವಿ ಕಾಲೇಜಿನ ಆಡಳಿತ ಮಂಡಳಿಯಲ್ಲಿ ಅವರಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರು ಬರೆದದ್ದು ಇಷ್ಟು: ‘ನಮ್ಮ ಗೇಟಿನ ಫ್ಲೆಕ್ಸ್‌ನಲ್ಲಿ ಶೇ 100 ಫಲಿತಾಂಶ ಎಂದಿದೆ. ಆದರೆ ಮೊದಲ ವರ್ಷ ತುಂಬಿದ್ದ ಬೆಂಚುಗಳು ಮೂರನೇ ವರ್ಷಕ್ಕೆ ಖಾಲಿ. ಸಭೆಯಲ್ಲಿ ಕೇಳಿದರೆ, ಗುರುಕೃಪೆ ಇದ್ದವರು ಉಳಿಯುತ್ತಾರೆ ಎನ್ನುತ್ತಾರೆ. ಯಾದಗಿರಿ ಕಡೆಯ ಹುಡುಗನೊಬ್ಬ ದೀಪಾವಳಿಗೆ ಊರಿಗೆ ಹೋದವನು ವಾಪಸ್ ಬರಲೇ ಇಲ್ಲ. ದೊಡ್ಡ ಕಾಲೇಜುಗಳ ಅಳತೆಯಲ್ಲಿ ನಮ್ಮನ್ನು ಅಳೆಯುವುದು ಸರಿಯೇ?’

ಪ್ರಿಯ ಓದುಗರೇ,

ಮೊದಲು ಆ ಫ್ಲೆಕ್ಸ್ ವಿಷಯ. ಅದು ಸುಳ್ಳಲ್ಲ. ಆದರೆ ಅದು ಕೊನೆಯ ಸೆಮಿಸ್ಟರ್ ಪರೀಕ್ಷೆಗೆ ಕೂತವರ ಲೆಕ್ಕ. ಮೂರು ವರ್ಷದ ಹಿಂದೆ ಸೇರಿದವರ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ. 20 ಮಕ್ಕಳು ಸೇರಿದರು ಎಂದಿಟ್ಟುಕೊಳ್ಳಿ. 8 ಜನ ನಡುವೆ ಬಿಟ್ಟರು, ಉಳಿದ 12 ಜನರೂ ಪಾಸಾದರು. ಫಲಿತಾಂಶ ಶೇ 100. ಪದವಿ ಮುಗಿಸಿದವರು ಶೇ 60. ಎರಡೂ ನಿಜ. ಆದರೆ ಮಗುವನ್ನು ನಿಮ್ಮ ಬಾಗಿಲಿಗೆ ಕರೆದುಕೊಂಡು ಬರುವ ತಂದೆತಾಯಿಗೆ ಬೇಕಾದದ್ದು ಎರಡನೆಯದು, ಅಲ್ವಾ?

ಈ ಲೆಕ್ಕ ಹೊಸದೇನಲ್ಲ. ದೇಶದ ಕಾಲೇಜುಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಮಾಹಿತಿ ಕೊಡುವ ಕಾಲೇಜುಗಳು ಮೊದಲ ವರ್ಷಕ್ಕೆ ಎಷ್ಟು ಜನ ಸೇರಿದರು, ನಿಗದಿತ ಅವಧಿಯಲ್ಲೇ ಎಷ್ಟು ಜನ ಮುಗಿಸಿದರು ಎಂಬ ಎರಡು ಅಂಕಿಗಳನ್ನೂ ಕೊಡಬೇಕು. ಅಮೆರಿಕದಲ್ಲಿ ಕಾಲೇಜುಗಳು ಇದನ್ನು ಪ್ರಕಟಿಸಬೇಕೆಂದು 1990ರಲ್ಲೇ ಕಾನೂನು ಬಂತು. ಅಲ್ಲಿ ನಾಲ್ಕು ವರ್ಷದ ಪದವಿಗೆ ಆರು ವರ್ಷದವರೆಗೂ ಕಾದು ಎಣಿಸುತ್ತಾರೆ. ಬ್ಯಾಕ್‌ಲಾಗ್ ಉಳಿಸಿಕೊಂಡು ಒಂದೆರಡು ವರ್ಷ ತಡವಾಗಿ ಮುಗಿಸಿದವರನ್ನು ನೀವೂ ಹೀಗೇ ಬೇರೆಯಾಗಿ ಎಣಿಸಿ. ಅವರು ಬಿಟ್ಟುಹೋದವರಲ್ಲ.

ಇನ್ನೊಂದು ಗೊಂದಲ ನಮ್ಮ ರಾಜ್ಯದ್ದೇ. ಇಲ್ಲಿ 2021–22ರಿಂದ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಪ್ರಕಾರ ನಾಲ್ಕು ವರ್ಷದ ಆನರ್ಸ್ ಬಂತು, 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಆ ನಡುವಿನ ಬ್ಯಾಚುಗಳಲ್ಲಿ ಮೂರು ವರ್ಷಕ್ಕೆ ಪದವಿ ಪಡೆದು ಹೊರಟವರನ್ನು ಅರ್ಧಕ್ಕೆ ಬಿಟ್ಟವರು ಎಂದು ಬರೆದುಕೊಳ್ಳಬೇಡಿ.

ಈಗ ನಿಮ್ಮ ಪ್ರಶ್ನೆ. ಸಣ್ಣ ಕಾಲೇಜಿಗೆ ಬೇರೆ ಅಳತೆ ಬೇಕೇ? ಒಂದು ಮಟ್ಟಿಗೆ ಬೇಕು. 20 ಮಕ್ಕಳ ತರಗತಿಯಲ್ಲಿ ಒಬ್ಬ ಹೋದರೆ ಶೇ 5 ಹೋಯಿತು. 200 ಮಕ್ಕಳಲ್ಲಿ ಒಬ್ಬ ಹೋದರೆ ಅರ್ಧ ಶೇಕಡಾ. ಹಾಗಾಗಿ ಒಂದೇ ವರ್ಷದ ಅಂಕಿ ನೋಡಿ ಹೆದರಬೇಡಿ, ಹಿಗ್ಗಲೂ ಬೇಡಿ. ನಾಲ್ಕೈದು ವರ್ಷದ್ದನ್ನು ಒಟ್ಟಿಗೆ ಇಟ್ಟು ನೋಡಿ.

ಧಾರ್ಮಿಕ ವಿದ್ಯೆಯಲ್ಲಿ ಬಿಟ್ಟುಹೋಗುವುದಕ್ಕೆ ಬೇರೆ ಅರ್ಥವೂ ಇರುತ್ತದೆ, ನಿಜ. ಕ್ಯಾಥೊಲಿಕ್ ಸೆಮಿನರಿಗಳಲ್ಲಿ ತತ್ವಶಾಸ್ತ್ರ ಮುಗಿಸಿದವರು ದೇವಶಾಸ್ತ್ರಕ್ಕೆ ಹೋಗುವ ಮೊದಲು ‘ರೀಜೆನ್ಸಿ’ ಎಂದು ಒಂದಿಷ್ಟು ಕಾಲ ಹೊರಗೆ ಸೇವೆ ಮಾಡುವ ಪದ್ಧತಿ ಇದೆ. ರಿಜಿಸ್ಟರ್ ಮಾತ್ರ ನೋಡಿದರೆ ಅವರು ಕಾಣೆಯಾದಂತೆ ಕಾಣುತ್ತದೆ. ಪಾದ್ರಿಯ ಬದುಕು ತನಗೆ ಒಗ್ಗದು ಎಂದು ಯೋಚಿಸಿ ಹೊರಬರುವವರೂ ಇದ್ದಾರೆ, ಅದನ್ನು ಸೋಲು ಅನ್ನಲಾಗದು. ಸಂಸ್ಕೃತ ಪಾಠಶಾಲೆಗಳಲ್ಲಿ ಕಾವ್ಯ, ಸಾಹಿತ್ಯ ಎಂಬ ಹಂತಗಳನ್ನು ಮುಗಿಸಿ, ಅದರ ಮೇಲಿನ ವಿದ್ವತ್ ಹಂತ ತಲುಪುವ ಮೊದಲೇ ಪೌರೋಹಿತ್ಯಕ್ಕೆ ಇಳಿಯುವ ಹುಡುಗರಿದ್ದಾರೆ. ಮನೆಗೆ ದುಡ್ಡು ಬೇಕಿರುತ್ತದೆ, ಊರಿನ ದೇವಸ್ಥಾನ ಕರೆಯುತ್ತದೆ.

ಆದರೆ ನಿಮ್ಮದು ಬಿ.ಎ., ಬಿ.ಕಾಂ. ಕಾಲೇಜು. ಆ ಹುಡುಗ ಸನ್ಯಾಸಕ್ಕೆ ಬಂದವನಲ್ಲ, ಪದವಿಗೆ ಬಂದವನು. ‘ಗುರುಕೃಪೆ ಇದ್ದವರು ಉಳಿಯುತ್ತಾರೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಓದಿ ಮನಸ್ಸಿಗೆ ನೋವಾಯಿತು. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಬಡ ಹುಡುಗರು ಬೆಂಗಳೂರು, ಮೈಸೂರಿನಲ್ಲಿ ವಾರಾನ್ನ ಉಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಮಠಗಳ ಉಚಿತ ಹಾಸ್ಟೆಲ್‌ಗಳಿಂದ ಇನ್ನೆಷ್ಟೋ ಮನೆಗಳು ಮೊದಲ ಪದವೀಧರನನ್ನು ಕಂಡವು. ಅಲ್ಲಿ ಕೃಪೆ ಅಂದರೆ ಅನ್ನ, ಹಾಸಿಗೆ, ದೀಪ. ನಿಮ್ಮ ಮಠದ ದಾಸೋಹವನ್ನೇ ನೋಡಿ. ಎಲೆ ಮುಂದೆ ಕೂತವನು ಉಣ್ಣದೆ ಎದ್ದರೆ ಬಡಿಸುವವರು ಸುಮ್ನೆ ಬಿಡುತ್ತಾರಾ? ‘ಯಾಕಪ್ಪಾ, ಏನಾಯ್ತು?’ ಎಂದು ಕೇಳುತ್ತಾರೆ. ತರಗತಿಯಿಂದ ಎದ್ದು ಹೋದವನನ್ನು ಯಾರೂ ಕೇಳಲಿಲ್ಲ.

ಮಕ್ಕಳು ಬಿಡುವುದಕ್ಕೆ ಕಾರಣಗಳು ಜಾಸ್ತಿ ಗುಟ್ಟಿನವಲ್ಲ. ಸ್ಕಾಲರ್‌ಶಿಪ್ ದುಡ್ಡು ಬರುವ ಹೊತ್ತಿಗೆ ಫೀಸಿನ ಗಡುವು ಮುಗಿದಿರುತ್ತದೆ. ಪಿಯುಸಿವರೆಗೆ ಕನ್ನಡದಲ್ಲಿ ಓದಿದ ಹುಡುಗಿ ಬಿ.ಕಾಂ.ನ ಮೊದಲ ಸೆಮಿಸ್ಟರ್‌ನಲ್ಲೇ ಇಂಗ್ಲಿಷ್ ಅಕೌಂಟೆನ್ಸಿಯಲ್ಲಿ ಕಂಗೆಡುತ್ತಾಳೆ. ಒಂದು ಪೇಪರ್ ಉಳಿಯುತ್ತದೆ, ನಾಚಿಕೆಯಾಗುತ್ತದೆ, ಬರುವುದನ್ನು ಕಡಿಮೆ ಮಾಡುತ್ತಾಳೆ. ಅಟೆಂಡೆನ್ಸ್ ಶೇ 75 ಆಗಲಿಲ್ಲ ಎಂದು ಪರೀಕ್ಷೆಗೆ ಕೂರಿಸುವುದಿಲ್ಲ. ಅಷ್ಟರಲ್ಲಿ ಅಣ್ಣ ಗಾರ್ಮೆಂಟ್ಸ್‌ನಲ್ಲಿ ಕೆಲಸ ಇದೆ ಎಂದಿರುತ್ತಾನೆ.

ನಾನು ಓದುವಾಗ ಹಾಸ್ಟೆಲ್‌ನಲ್ಲಿ ಪಕ್ಕದ ಹಾಸಿಗೆಯವನು ಹೀಗೇ ಹೋದ. ಪರೀಕ್ಷೆ ಶುಲ್ಕ ಕಟ್ಟಿರಲಿಲ್ಲ ಎಂದು ಆಮೇಲೆ ತಿಳಿಯಿತು. ನಾಲ್ಕು ಜನ ಸೇರಿದ್ದರೆ ಅವತ್ತೇ ಕಟ್ಟಬಹುದಾಗಿದ್ದ ಮೊತ್ತ. ಅವನ ಟ್ರಂಕು ತಿಂಗಳುಗಟ್ಟಲೆ ಮಂಚದ ಕೆಳಗೇ ಇತ್ತು. ನಾನೂ ವಿಚಾರಿಸಲಿಲ್ಲ.

ನಿಮ್ಮ ಕೈಯಲ್ಲಿ ದೊಡ್ಡ ಕಾಲೇಜುಗಳಿಗೆ ಇಲ್ಲದ ಒಂದು ಅನುಕೂಲ ಇದೆ. 20 ಹೆಸರನ್ನು ಯಾರು ಬೇಕಾದರೂ ನೆನಪಿಡಬಹುದು. ಮುಂದಿನ ಸಭೆಗೆ ಶೇಕಡಾ ಲೆಕ್ಕದ ಜೊತೆ ಐದು ವರ್ಷದ ದಾಖಲಾತಿ ಪುಸ್ತಕವನ್ನೂ ತೆಗೆದುಕೊಂಡು ಹೋಗಿ. ಮುಗಿಸದವರ ಹೆಸರು ಒಂದೊಂದಾಗಿ ಓದಿ. ಬೇರೆ ಕಾಲೇಜಿಗೆ ಹೋದವರೆಷ್ಟು, ಮದುವೆಯಾದವರೆಷ್ಟು, ಫೀಸಿಗೆ ಹೆದರಿದವರೆಷ್ಟು, ಬ್ಯಾಕ್‌ಲಾಗ್ ಇದ್ದವರೆಷ್ಟು, ಗೊತ್ತಿಲ್ಲದವರೆಷ್ಟು ಎಂದು ಬರೆದುಕೊಳ್ಳಿ. ‘ಗೊತ್ತಿಲ್ಲ’ ಎನ್ನುವ ಸಾಲೇ ಉದ್ದವಾದರೆ, ಕೆಲಸ ಅಲ್ಲಿಂದಲೇ ಶುರು. ಎರಡು ವಾರ ಬಾರದವರ ಮನೆಗೆ ಫೋನ್ ಮಾಡುವುದು ಯಾರ ಕೆಲಸ ಎಂದು ಅದೇ ಸಭೆಯಲ್ಲಿ ತೀರ್ಮಾನಿಸಿ. ಆ ಫ್ಲೆಕ್ಸ್‌ನಲ್ಲಿ ಎರಡು ಅಂಕಿ ಹಾಕಿ: ಸೇರಿದವರು, ಮುಗಿಸಿದವರು.

ಇನ್ನು ಯಾದಗಿರಿಯ ಹುಡುಗ. ಸಭೆಯವರೆಗೂ ಕಾಯಬೇಡಿ. ಅವನ ಪಿಯುಸಿ ಅಂಕಪಟ್ಟಿ ನಿಮ್ಮ ಆಫೀಸಿನ ಬೀರುವಿನಲ್ಲಿ ಇದೆಯೇ ಎಂದು ನೋಡಿ. ಮೂಲ ದಾಖಲೆಗಳನ್ನು ಕಾಲೇಜು ಇಟ್ಟುಕೊಳ್ಳಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಹೇಳಿದೆ. ಅರ್ಜಿಯಲ್ಲಿ ಅವನಪ್ಪನ ನಂಬರ್ ಇರುತ್ತದೆ. ನೀವೇ ಫೋನ್ ಮಾಡಿ. ಹೊಲದ ಕೆಲಸ ಮುಗಿಸಿ ಮನೆಗೆ ಬರುವ ಹೊತ್ತು ನೋಡಿಕೊಂಡು, ಸಂಜೆ ಏಳರ ಮೇಲೆ.

– ಸಂಪಾದಕ